46 ಸೆಕೆಂಡಿನ ಹಾಡು: ಮೈನರ್ ಥ್ರೆಟ್ ತಂಡದ ಕಥೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶ್ವೇತಭವನ, ಸಂಸತ್ತಿನ ಬಿಳಿಯ ಗುಮ್ಮಟ, ವಾರ್ತೆಗಳಲ್ಲಿ ದಿನವೂ ಕಾಣಿಸಿಕೊಳ್ಳುವ ಕರಿಕೋಟಿನ ಮುತ್ಸದ್ದಿಗಳು. ಆ ಊರಿನಲ್ಲಿಯೂ ಬೀದಿಗಳಿವೆ, ಬಸ್ಸುಗಳಿವೆ, ಹೈಸ್ಕೂಲುಗಳಿವೆ. ಪರೀಕ್ಷೆ ಮುಗಿಸಿ ಮುಂದೇನು ಎಂದು ತಲೆ ಕೆರೆದುಕೊಳ್ಳುವ ಹುಡುಗರಿದ್ದಾರೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಈ ಲೇಖನ ಅಂಥ ನಾಲ್ವರು ಹುಡುಗರನ್ನು ಕುರಿತದ್ದು. ಅವರು ಕಟ್ಟಿದ ವಾದ್ಯತಂಡದ ಹೆಸರು ಮೈನರ್ ಥ್ರೆಟ್. ಅದು ಬದುಕಿದ್ದು ಮೂರು ವರ್ಷಕ್ಕೂ ಕಡಿಮೆ. ಅದು ಧ್ವನಿಮುದ್ರಿಸಿದ ಹಾಡುಗಳನ್ನೆಲ್ಲ 1989ರಲ್ಲಿ ಒಂದೇ ಸಿ.ಡಿ.ಯಲ್ಲಿ ಸೇರಿಸಿದಾಗ 26 ಹಾಡುಗಳು ಸುಮಾರು 47 ನಿಮಿಷಗಳಲ್ಲಿ ಮುಗಿದುಹೋದವು. ನಿಮ್ಮ ಕಾಲೇಜಿನ ಒಂದು ಪೀರಿಯಡ್ಡಿಗೂ ಸಾಲದು! ಆದರೆ ಆ ಹಾಡುಗಳ ಅರ್ಥವೇನು ಎಂಬ ಜಗಳ ನಲವತ್ತು ವರ್ಷಗಳ ಮೇಲೂ ಮುಗಿದಿಲ್ಲ.

ಮೊದಲು ಸಂಗೀತದ ವಿಷಯ. ಪಂಕ್ ಎಂಬ ರಾಕ್ ಸಂಗೀತದ ಕವಲು 1970ರ ದಶಕದ ನಡುವೆ ನ್ಯೂಯಾರ್ಕ್ ಮತ್ತು ಲಂಡನ್ನುಗಳಲ್ಲಿ ಹುಟ್ಟಿತು. ರಮೋನ್ಸ್, ಸೆಕ್ಸ್ ಪಿಸ್ಟಲ್ಸ್ ಮೊದಲಾದ ತಂಡಗಳ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಹತ್ತು ವರ್ಷ ಸಾಧನೆ ಮಾಡಿದ ಗಿಟಾರ್ ವಿದ್ವಾಂಸರು ಬೇಕಿಲ್ಲ, ಹೇಳಲು ಮಾತಿದ್ದರೆ ಮೂರು ಪಟ್ಟು ಕಲಿತು ವೇದಿಕೆ ಹತ್ತಬಹುದು ಎಂಬುದು ಪಂಕ್‌ನ ಧೋರಣೆ. 1979ರ ವೇಳೆಗೆ ಪತ್ರಿಕೆಗಳು ಪಂಕ್ ಸತ್ತಿತೆಂದು ಬರೆಯತೊಡಗಿದ್ದವು. ದೊಡ್ಡ ಕಂಪನಿಗಳು ಅದನ್ನು ನಯಗೊಳಿಸಿ ‘ನ್ಯೂ ವೇವ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದವು. ಆಗ ಅಮೆರಿಕದ ಹದಿಹರೆಯದವರು ಅದನ್ನು ಇನ್ನಷ್ಟು ವೇಗ ಮಾಡಿ, ಇನ್ನಷ್ಟು ಮೊಟಕು ಮಾಡಿ, ಅಲಂಕಾರವನ್ನೆಲ್ಲ ಕಿತ್ತೊಗೆದು ನುಡಿಸಿದರು. ಅದೇ ಹಾರ್ಡ್‌ಕೋರ್ ಪಂಕ್. ಕ್ಯಾಲಿಫೋರ್ನಿಯಾದಲ್ಲಿ ಬ್ಲ್ಯಾಕ್ ಫ್ಲ್ಯಾಗ್, ಡೆಡ್ ಕೆನಡೀಸ್ ತಂಡಗಳು ಈ ಕೆಲಸ ಮಾಡಿದರೆ, ಪೂರ್ವ ಕರಾವಳಿಯಲ್ಲಿ ವಾಷಿಂಗ್ಟನ್ ಅದರ ಕೇಂದ್ರವಾಯಿತು.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಸದ್ದಿನ ರಚನೆಯಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಹಾರ್ಡ್‌ಕೋರ್ ಗಿಟಾರ್ ವಾದಕರು ಹೆಚ್ಚಾಗಿ ನುಡಿಸುವುದು ‘ಪವರ್ ಕಾರ್ಡ್’. ಅದರಲ್ಲಿರುವುದು ಎರಡೇ ಸ್ವರ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಷಡ್ಜ ಮತ್ತು ಪಂಚಮ. ಅಂದರೆ ತಂಬೂರಿಯಲ್ಲಿ ಮೀಟುವ ಸ್ವರಗಳೇ! ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿದಾಗ ಧ್ವನಿ ತರಂಗದ ತುದಿಗಳು ಕತ್ತರಿಸಿಹೋಗಿ ಒರಟಾದ ಗರಗರ ಸದ್ದು ಬರುತ್ತದೆ. ಆಗ ಮೂರನೆಯ ಸ್ವರವೊಂದಿದ್ದರೆ, ಸ್ವರಗಳು ಒಂದರೊಡನೊಂದು ಬೆರೆತು ಹೊಸ ಆವರ್ತಾಂಕಗಳು ಹುಟ್ಟಿ ಎಲ್ಲ ಕಲಸುಮೇಲೋಗರವಾಗುತ್ತದೆ. ಸ-ಪ ಜೋಡಿಯ ಕಂಪನಗಳ ಪ್ರಮಾಣ 2:3 ಆಗಿರುವುದರಿಂದ ಎಷ್ಟು ಒರಟು ಮಾಡಿದರೂ ಅದು ಗಟ್ಟಿಯಾಗಿ ನಿಲ್ಲುತ್ತದೆ. ಕಿವಿಗೆ ಬರಿಯ ಗದ್ದಲವೆನಿಸುವ ಈ ಸಂಗೀತದ ತಳದಲ್ಲಿ ಹೀಗೊಂದು ಸರಳ ಗಣಿತವಿದೆ. ಇದು ಇಂಪಾಗಿದೆಯೇ ಎಂದು ಕೇಳಿದರೆ ಇಲ್ಲವೆಂದೇ ನನ್ನ ಉತ್ತರ. ಇಂಪಾಗಬೇಕೆಂಬ ಉದ್ದೇಶ ಅವರಿಗೂ ಇರಲಿಲ್ಲ.

ಈಗ ವಾಷಿಂಗ್ಟನ್ನಿಗೆ ಬರೋಣ. ಕಥೆ ಆರಂಭವಾಗುವುದು ಒಂದು ಬಾನುಲಿ ಕೇಂದ್ರದ ಸಾವಿನಿಂದ. ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಡಬ್ಲ್ಯು.ಜಿ.ಟಿ.ಬಿ. ಎಂಬ ಎಫ್.ಎಂ. ಕೇಂದ್ರವೊಂದನ್ನು ನಡೆಸುತ್ತಿತ್ತು. ಬೇರೆಲ್ಲೂ ಕೇಳಸಿಗದ ಹೊಸ ಸಂಗೀತ, ಯುದ್ಧವಿರೋಧಿ ರಾಜಕೀಯ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಕ್ರೈಸ್ತ ಪಾದ್ರಿಗಳು ನಡೆಸುವ ಆ ವಿದ್ಯಾಸಂಸ್ಥೆಗೆ ಇದು ನುಂಗಲಾರದ ತುತ್ತಾಗಿ, 1979ರ ಜನವರಿಯಲ್ಲಿ ಕೇಂದ್ರವನ್ನು ಮುಚ್ಚಿ ಅದರ ಪ್ರಸಾರದ ಪರವಾನಗಿಯನ್ನು ಇನ್ನೊಂದು ವಿಶ್ವವಿದ್ಯಾಲಯಕ್ಕೆ ಕೇವಲ ಒಂದು ಡಾಲರಿಗೆ ಕೊಟ್ಟುಬಿಟ್ಟಿತು. ಕೇಂದ್ರದ ಅಭಿಮಾನಿಗಳು ಸಹಾಯಾರ್ಥವಾಗಿ ಫೆಬ್ರವರಿ 3ರಂದು ಒಂದು ಕಛೇರಿ ಏರ್ಪಡಿಸಿದರು. ನುಡಿಸಿದ್ದು ಕ್ರ್ಯಾಂಪ್ಸ್ ಎಂಬ ತಂಡ. ಕಿಕ್ಕಿರಿದ ಆ ಸಭಾಂಗಣದಲ್ಲಿ ಇನ್ನೂ 17 ತುಂಬದ ಒಬ್ಬ ಹೈಸ್ಕೂಲು ಹುಡುಗನಿದ್ದ. ಹೆಸರು ಇಯಾನ್ ಮೆಕೈ. ಆತ ನೋಡಿದ ಮೊದಲ ಪಂಕ್ ಕಛೇರಿ ಅದು. ಪ್ರಸಾರ ಮಾಧ್ಯಮದಲ್ಲಿ ದುಡಿಯುವವನಾಗಿ ನನಗೆ ಈ ಘಟನೆ ಬಹಳ ಮುಖ್ಯವೆನಿಸುತ್ತದೆ. ಕೇಳುವ ಕಿಟಕಿಯೊಂದು ಮುಚ್ಚಿದ ದಿನವೇ ಆ ಊರಿನ ಹುಡುಗರು ಕೇಳುಗರಾಗಿರುವುದನ್ನು ಬಿಟ್ಟು ನುಡಿಸುವವರಾಗಲು ಹೊರಟರು.

ಮೆಕೈ 1962ರಲ್ಲಿ ಹುಟ್ಟಿದವನು. ತಂದೆ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಧಾರ್ಮಿಕ ವಿಚಾರಗಳ ವರದಿಗಾರರಾಗಿದ್ದವರು. ಆತ ಓದಿದ್ದು ವುಡ್ರೋ ವಿಲ್ಸನ್ ಹೈಸ್ಕೂಲಿನಲ್ಲಿ. ಸಹಪಾಠಿ ಜೆಫ್ ನೆಲ್ಸನ್ ಡ್ರಮ್ ನುಡಿಸುತ್ತಿದ್ದ. ಇಬ್ಬರೂ ಇನ್ನಿಬ್ಬರು ಗೆಳೆಯರೊಂದಿಗೆ ಸೇರಿ 1979ರಲ್ಲಿ ‘ಟೀನ್ ಐಡಲ್ಸ್’ ಎಂಬ ತಂಡ ಕಟ್ಟಿದರು. ಆ ತಂಡ ಒಂದೇ ವರ್ಷ ಬಾಳಿತು, ಆದರೆ ಮುಂದೆ ಬಂದ ಎಲ್ಲದರ ಬೀಜ ಅದರಲ್ಲೇ ಇದೆ.

1980ರ ಆಗಸ್ಟಿನಲ್ಲಿ ಈ ಹುಡುಗರು ಗ್ರೇಹೌಂಡ್ ಬಸ್ಸು ಹಿಡಿದು ದೇಶದ ಆ ತುದಿಯ ಕ್ಯಾಲಿಫೋರ್ನಿಯಾಕ್ಕೆ ಹೋದರು. ಸ್ಯಾನ್ ಫ್ರಾನ್ಸಿಸ್ಕೋದ ಮಾಬುಹೇ ಗಾರ್ಡನ್ಸ್ ಎಂಬ ಸಭಾಂಗಣದಲ್ಲಿ ಅವರಿಗೆ ಒಂದು ಪದ್ಧತಿ ಕಣ್ಣಿಗೆ ಬಿತ್ತು. ಅಲ್ಲಿ ಮದ್ಯ ಮಾರುತ್ತಿದ್ದರೂ ವಯಸ್ಸಾಗದವರನ್ನು ಬಾಗಿಲಲ್ಲೇ ತಡೆಯುತ್ತಿರಲಿಲ್ಲ. ಕೈಯ ಮೇಲೆ ಕರಿಯ ಮಸಿಯಿಂದ ದೊಡ್ಡದಾಗಿ ‘ಎಕ್ಸ್’ ಗುರುತು ಹಾಕಿ ಒಳಗೆ ಬಿಡುತ್ತಿದ್ದರು. ಗುರುತಿದ್ದ ಕೈಗೆ ಮದ್ಯ ಕೊಡುವಂತಿಲ್ಲ. ಊರಿಗೆ ಮರಳಿದ ಹುಡುಗರು ಇದನ್ನೇ ವಾಷಿಂಗ್ಟನ್ನಿನ 9:30 ಕ್ಲಬ್ಬಿನವರ ಮುಂದಿಟ್ಟರು. ನಾವು ಬರುವುದು ಸಂಗೀತಕ್ಕಾಗಿ, ಕುಡಿಯುವುದಕ್ಕಲ್ಲ. ಈ ಗುರುತು ಹಾಕಿ ಒಳಗೆ ಬಿಡಿ ಎಂಬುದು ಅವರ ಬೇಡಿಕೆ. ಕ್ಲಬ್ಬು ಒಪ್ಪಿತು. ಶಾಲೆಯಲ್ಲಿ ಮೇಷ್ಟ್ರು ತಪ್ಪು ಉತ್ತರದ ಮೇಲೆ ಎಳೆಯುವ ಗುರುತನ್ನು ಹುಡುಗರು ಹೆಮ್ಮೆಯಿಂದ ಕೈಮೇಲೆ ಬರೆಸಿಕೊಳ್ಳತೊಡಗಿದರು. ಮುಂದೆ ಪ್ರಪಂಚದಾದ್ಯಂತ ಹರಡಿದ ಒಂದು ಲಾಂಛನದ ಹುಟ್ಟು ಹೀಗೆ, ಒಂದು ಬಾಗಿಲ ಕಾವಲಿನ ಏರ್ಪಾಡಿನಿಂದ.

ತಂಡ ಒಡೆದಾಗ ಅವರ ಬಳಿ ಸುಮಾರು 600 ಡಾಲರ್ ಉಳಿದಿತ್ತು. ನಾಲ್ವರೂ ಹಂಚಿಕೊಂಡು ಖರ್ಚು ಮಾಡಬಹುದಿತ್ತು. ಹಾಗೆ ಮಾಡದೆ ಆ ದುಡ್ಡಿನಲ್ಲಿ ತಮ್ಮ ಹಾಡುಗಳ ಒಂದು ಪುಟ್ಟ ತಟ್ಟೆಯ ಸಾವಿರ ಪ್ರತಿಗಳನ್ನು ಒತ್ತಿಸಿದರು. ಹೊರತರಲು ಯಾವ ಕಂಪನಿಯೂ ಮುಂದೆ ಬರುವುದಿಲ್ಲವೆಂದು ಗೊತ್ತಿದ್ದುದರಿಂದ ತಾವೇ ಒಂದು ಸಂಸ್ಥೆ ಕಟ್ಟಿ ಡಿಸ್ಕಾರ್ಡ್ ರೆಕಾರ್ಡ್ಸ್ ಎಂದು ಹೆಸರಿಟ್ಟರು. ಅಪಸ್ವರ ಎಂದು ಅರ್ಥ! ಧ್ವನಿಮುದ್ರಣ ನಡೆದದ್ದು ಪಕ್ಕದ ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿ, ಡಾನ್ ಝಿಯೆಂಟಾರ ಎಂಬ ತಂತ್ರಜ್ಞ ತನ್ನ ಮನೆಯಲ್ಲಿ ನಡೆಸುತ್ತಿದ್ದ ಇನ್ನರ್ ಇಯರ್ ಸ್ಟುಡಿಯೋದಲ್ಲಿ. ತಟ್ಟೆಯ ಹೊರಕವಚ ಹೇಗಿರಬೇಕೆಂದು ತಿಳಿಯಲು ಇಂಗ್ಲೆಂಡಿನ ಒಂದು ತಟ್ಟೆಯ ಕವಚವನ್ನು ಬಿಚ್ಚಿ ಹರಡಿ ಅದರ ಆಕಾರ ತೆಗೆದುಕೊಂಡರು. ಅಚ್ಚಾಗಿ ಬಂದ ಕಾಗದಗಳನ್ನು ಗೆಳೆಯರೆಲ್ಲ ನೆಲದ ಮೇಲೆ ಕುಳಿತು ಕತ್ತರಿಯಿಂದ ಕತ್ತರಿಸಿ, ಮಡಿಸಿ, ಗೋಂದು ಹಚ್ಚಿ ಅಂಟಿಸಿದರು. ನಮ್ಮಲ್ಲಿ ಕಾಲೇಜಿನ ಕೈಬರಹದ ಪತ್ರಿಕೆ ತಂದವರಿಗೆ ಈ ಸಡಗರ ಚೆನ್ನಾಗಿ ಅರ್ಥವಾಗುತ್ತದೆ.

ಇದೇ ಊರಿನಲ್ಲಿ ಇವರಿಗಿಂತ ಹಿರಿಯರಾದ ನಾಲ್ವರು ಕರಿಯ ಸಂಗೀತಗಾರರಿದ್ದರು. ಅವರ ತಂಡ ಬ್ಯಾಡ್ ಬ್ರೇನ್ಸ್. ಜಾಝ್ ಫ್ಯೂಷನ್ ನುಡಿಸುತ್ತಿದ್ದ ಅವರು ಪಂಕ್‌ಗೆ ಬಂದಾಗ ತಂದ ವೇಗ, ಹಿಡಿತ ಬಿಳಿಯ ಹುಡುಗರನ್ನು ದಂಗುಬಡಿಸಿತು. ನೆಪೋಲಿಯನ್ ಹಿಲ್ ಎಂಬಾತನ ಜನಪ್ರಿಯ ಯಶಸ್ಸಿನ ಪುಸ್ತಕವನ್ನು ಓದಿ ‘ಮನಸ್ಸನ್ನು ಸಕಾರಾತ್ಮಕವಾಗಿ ಇಟ್ಟುಕೊಳ್ಳುವುದು’ ಎಂಬ ಮಂತ್ರವನ್ನು ಪಂಕ್‌ಗೆ ತಂದವರೂ ಅವರೇ. ವಾಷಿಂಗ್ಟನ್ ಹಾರ್ಡ್‌ಕೋರಿನ ಗುರುಸ್ಥಾನ ಯಾರದೆಂದು ಕೇಳಿದರೆ ಅನುಮಾನವಿಲ್ಲದೆ ಬ್ಯಾಡ್ ಬ್ರೇನ್ಸ್ ಹೆಸರು ಹೇಳಬೇಕು. ಮುಂದೆ ಬರುವ ಒಂದು ವಿವಾದದ ದೃಷ್ಟಿಯಿಂದಲೂ ಇದನ್ನು ನೆನಪಿಡಿ.

1980ರ ಕೊನೆಗೆ ಮೆಕೈ ಮತ್ತು ನೆಲ್ಸನ್ ಹೊಸ ತಂಡ ಕಟ್ಟಿದರು. ಗಿಟಾರಿಗೆ ಲೈಲ್ ಪ್ರೆಸ್ಲರ್, ಬಾಸ್ ಗಿಟಾರಿಗೆ ಬ್ರಿಯನ್ ಬೇಕರ್. ಬೇಕರನಿಗೆ ಆಗ ಬರೀ 15 ವರ್ಷ. ಹಿಂದಿನ ತಂಡದಲ್ಲಿ ಬಾಸ್ ನುಡಿಸುತ್ತಿದ್ದ ಮೆಕೈ, ತಾನು ಬರೆದದ್ದನ್ನು ತಾನೇ ಹಾಡಬೇಕೆಂದು ಈಗ ಹಾಡುಗಾರನಾದ. ‘ಮೈನರ್ ಥ್ರೆಟ್’ ಎಂಬ ಹೆಸರಿನಲ್ಲೊಂದು ಶ್ಲೇಷೆಯಿದೆ. ಮೈನರ್ ಎಂದರೆ ಕಾನೂನಿನ ಪ್ರಕಾರ ಅಪ್ರಾಪ್ತ ವಯಸ್ಕ; ಅಲ್ಪ, ಕ್ಷುಲ್ಲಕ ಎಂಬ ಅರ್ಥವೂ ಉಂಟು. ಥ್ರೆಟ್ ಎಂದರೆ ಬೆದರಿಕೆ. ಅಷ್ಟೇನೂ ದೊಡ್ಡದಲ್ಲದ ಬೆದರಿಕೆ ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡಂತೆಯೂ ಆಯಿತು, ವಯಸ್ಸು ಕಡಿಮೆಯೆಂದು ಕಡೆಗಣಿಸಬೇಡಿ ಎಂದು ಹಿರಿಯರಿಗೆ ಹೇಳಿದಂತೆಯೂ ಆಯಿತು.

1981ರ ಜೂನಿನಲ್ಲಿ ಬಂದ ಅವರ ಮೊದಲ ತಟ್ಟೆಯಲ್ಲಿ ಎಂಟು ಹಾಡುಗಳು. ಕವಚದ ಮೇಲೆ ಮೆಟ್ಟಿಲ ಮೇಲೆ ಕುಳಿತು, ಮಂಡಿಯ ಮೇಲೆ ಕೈ ಕಟ್ಟಿ, ಬೋಳಿಸಿದ ತಲೆಯನ್ನು ಅದರ ಮೇಲಿಟ್ಟು ಮಲಗಿದ ಹುಡುಗನೊಬ್ಬನ ಚಿತ್ರ. ಆತ ಮೆಕೈಯ ತಮ್ಮ ಅಲೆಕ್. ಹಾಡುಗಳ ವಸ್ತು ಯಾವುದು? ಸರ್ಕಾರವಲ್ಲ, ಕ್ರಾಂತಿಯಲ್ಲ. ಅದೇ ಜನವರಿಯಲ್ಲಿ ರೊನಾಲ್ಡ್ ರೀಗನ್ ಆ ಊರಿನಲ್ಲೇ ಅಧಿಕಾರ ವಹಿಸಿಕೊಂಡಿದ್ದರೂ, ದೇಶದ ಉಳಿದ ಪಂಕ್ ತಂಡಗಳೆಲ್ಲ ಅವರನ್ನು ಬೈಯುವುದರಲ್ಲಿ ತೊಡಗಿದ್ದರೂ, ವಾಷಿಂಗ್ಟನ್ನಿನ ಈ ಹುಡುಗರ ಹಾಡಿನಲ್ಲಿ ರೀಗನ್ ಇಲ್ಲ. ಇರುವುದು ವೇಷ ನೋಡಿ ಹೀಯಾಳಿಸುವ ದಾರಿಹೋಕ, ಬಾಯಿ ಬಿಟ್ಟರೆ ಸುಳ್ಳು ಹೇಳುವ ಪರಿಚಿತ, ಕೈಲಾಗದಿದ್ದರೂ ಬಡಾಯಿ ಕೊಚ್ಚುವವ, ಕುಡಿದು ಮೈಮೇಲೆ ಬಂದು ಜಗಳ ತೆಗೆಯುವವ, ತನ್ನ ತಲೆಯನ್ನು ಬೇರೆಯವರ ಕೈಗೆ ಒಪ್ಪಿಸಿ ದೂರವಾದ ಗೆಳೆಯ. ಒಟ್ಟಿನಲ್ಲಿ ಹದಿನೆಂಟು ವಯಸ್ಸಿನ ಒಬ್ಬ ಹುಡುಗನ ಸುತ್ತಮುತ್ತಲ ಹತ್ತು ಗಜದ ಪ್ರಪಂಚ. ಇದನ್ನು ಕೆಲವು ವಿಮರ್ಶಕರು ಕೊರತೆಯೆಂದರು. ನನಗೆ ಹಾಗನಿಸುವುದಿಲ್ಲ. ಗೊತ್ತಿರುವುದನ್ನು ಮಾತ್ರ ಬರೆದದ್ದರಿಂದಲೇ ಆ ಮಾತುಗಳಿಗೆ ಬಿಗಿ ಬಂದಿದೆ.

ಈ ಎಂಟರಲ್ಲಿ ಒಂದು ಹಾಡು ‘ಸ್ಟ್ರೇಟ್ ಎಡ್ಜ್’. ಅವಧಿ 46 ಸೆಕೆಂಡು. ನಮ್ಮ ಉದ್ಯೋಗದಲ್ಲಿ ಸೆಕೆಂಡುಗಳನ್ನು ಎಣಿಸಿ ಕೆಲಸ ಮಾಡಬೇಕಾಗುತ್ತದೆ. ಎರಡು ಕಾರ್ಯಕ್ರಮಗಳ ನಡುವೆ ಉದ್ಘೋಷಕಿ ಬಂದು ಮುಂದಿನದನ್ನು ಹೇಳಿ ಹೋಗುವಷ್ಟು ಹೊತ್ತು ಅದು. ಅಷ್ಟರಲ್ಲಿ ಹಾಡುಗಾರ ಹೇಳುವುದಿಷ್ಟು: ಮಾದಕ ಪದಾರ್ಥ ಸೇವಿಸಿ ಅರೆಜೀವವಾಗಿ ಬಿದ್ದುಕೊಳ್ಳುವುದಕ್ಕಿಂತ ಒಳ್ಳೆಯ ಕೆಲಸಗಳು ತನಗಿವೆ, ಆ ಊರುಗೋಲು ತನಗೆ ಬೇಕಿಲ್ಲ, ಎಚ್ಚರವಾಗಿರುವುದೇ ತನ್ನ ಬಲ. ಈ ಮಾತಿನಲ್ಲೇನು ವಿಶೇಷ, ಇದನ್ನು ನಮ್ಮ ಮನೆಯಲ್ಲಿ ಅಜ್ಜಿಯೂ ಹೇಳುತ್ತಾಳಲ್ಲ ಎಂದು ನೀವು ಕೇಳಬಹುದು. ವಿಶೇಷವಿರುವುದು ಹೇಳಿದ ಜಾಗದಲ್ಲಿ. ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್ ಇಬ್ಬರೂ 1970ರಲ್ಲಿ ಮಾದಕ ವ್ಯಸನಕ್ಕೆ ಬಲಿಯಾಗಿದ್ದರು. ಸೆಕ್ಸ್ ಪಿಸ್ಟಲ್ಸ್ ತಂಡದ ಸಿಡ್ ವಿಶಸ್ 1979ರ ಫೆಬ್ರವರಿಯಲ್ಲಿ 21ನೆಯ ವಯಸ್ಸಿಗೆ ಹೆರಾಯಿನ್‌ನಿಂದ ಸತ್ತಿದ್ದ. ರಾಕ್ ಸಂಗೀತಗಾರನೆಂದರೆ ಹೀಗೆಯೇ ಬದುಕಿ ಹೀಗೆಯೇ ಸಾಯಬೇಕೆಂಬ ಒಂದು ಅಲಿಖಿತ ನಿಯಮವೇ ಹುಟ್ಟಿಕೊಂಡಿತ್ತು. ಬಂಡಾಯಗಾರನಾಗಬೇಕಾದರೆ ಕುಡಿಯಲೇಬೇಕು ಎಂಬ ಆ ನಿಯಮದ ವಿರುದ್ಧವೇ ಬಂಡೆದ್ದ ಹಾಡು ಇದು. ಉಪದೇಶ ಬಂದದ್ದು ಗುರುಪೀಠದಿಂದಲ್ಲ, ಅದೇ ಗದ್ದಲದ ನಡುವಿನಿಂದ. ಆದ್ದರಿಂದಲೇ ಅದು ಹುಡುಗರ ಕಿವಿಗೆ ನಾಟಿತು.

‘ಸ್ಟ್ರೇಟ್ ಎಡ್ಜ್’ ಎಂದರೆ ಗೆರೆ ಎಳೆಯುವ ಸಾಧನದ ನೇರ ಅಂಚು. ರೇಖಾಗಣಿತ ಓದಿದವರಿಗೆ ನೆನಪಿರಬಹುದು: ಯೂಕ್ಲಿಡ್‌ನ ರಚನೆಗಳಲ್ಲಿ ಬಳಸುವ ಈ ಉಪಕರಣದ ಮೇಲೆ ಸೆಂಟಿಮೀಟರಿನ ಗುರುತುಗಳಿರುವುದಿಲ್ಲ. ಅದು ಸ್ಕೇಲಲ್ಲ. ಅದರಿಂದ ಗೆರೆ ಎಳೆಯಬಹುದು, ಏನನ್ನೂ ಅಳೆಯಲಾಗುವುದಿಲ್ಲ. ಮುಂದೆ ಆದದ್ದು ನೋಡಿದರೆ ಈ ವ್ಯತ್ಯಾಸ ಅರ್ಥಪೂರ್ಣವೆನಿಸುತ್ತದೆ.

ಅದೇ 1981ರ ಡಿಸೆಂಬರಿನಲ್ಲಿ ಬಂದ ಎರಡನೆಯ ತಟ್ಟೆಯಲ್ಲಿ ನಾಲ್ಕು ಹಾಡುಗಳು. ಅವುಗಳಲ್ಲಿ ಎರಡು ಇಂದಿಗೂ ಚರ್ಚೆಯಲ್ಲಿವೆ. ಮೊದಲನೆಯದು ‘ಔಟ್ ಆಫ್ ಸ್ಟೆಪ್’, ಹೆಜ್ಜೆ ತಪ್ಪಿ ನಡೆಯುವವನು ಎಂದರ್ಥ. ಅದರಲ್ಲಿ ಹೊಗೆ, ಮದ್ಯ ಮತ್ತು ವಿವೇಚನೆಯಿಲ್ಲದ ದೇಹಸಂಬಂಧ ಈ ಮೂರನ್ನೂ ನಿರಾಕರಿಸುವ ಮಾತುಗಳಿವೆ. ಇಂಗ್ಲಿಷ್ ವ್ಯಾಕರಣ ಓದಿದವರಿಗೆ ತೊಡಕು ಎಲ್ಲಿದೆಯೆಂದು ಬೇಗ ಹೊಳೆಯುತ್ತದೆ. ಆ ವಾಕ್ಯಗಳಲ್ಲಿ ಕರ್ತೃವಿಲ್ಲ. ‘ನಾನು’ ಎಂಬ ಪದವನ್ನು ಬಿಟ್ಟು ಹಾಡಿದರೆ ಇಂಗ್ಲಿಷಿನಲ್ಲಿ ಅದು ‘ನಾನು ಮಾಡುವುದಿಲ್ಲ’ ಎಂದೂ ಆಗಬಹುದು, ‘ನೀನು ಮಾಡಬೇಡ’ ಎಂಬ ಅಪ್ಪಣೆಯೂ ಆಗಬಹುದು. ಕನ್ನಡದಲ್ಲಿ ನಿರಾಕರಣೆಗೂ ನಿಷೇಧಕ್ಕೂ ಕ್ರಿಯಾಪದದ ರೂಪಗಳೇ ಬೇರೆಯಾಗಿರುವುದರಿಂದ ‘ಕುಡಿಯುವುದಿಲ್ಲ’ ಮತ್ತು ‘ಕುಡಿಯಬೇಡ’ ಎಂಬುವು ಎಂದೂ ಒಂದಾಗುವುದಿಲ್ಲ. ಅಲ್ಲಿ ಒಂದೇ ಅಕ್ಷರದ ಪದ ಬಿಟ್ಟುಹೋದದ್ದಕ್ಕೆ ಒಂದು ಚಳವಳಿಯ ದಿಕ್ಕೇ ಬದಲಾಯಿತು.

ಈ ಅಪಾಯವನ್ನು ಗುರುತಿಸಿದವನು ತಂಡದೊಳಗೇ ಇದ್ದ ಜೆಫ್ ನೆಲ್ಸನ್. ಇದು ಆಜ್ಞೆಯಂತೆ ಕೇಳುತ್ತದೆ, ‘ನಾನು’ ಎಂಬುದನ್ನು ಸೇರಿಸು ಎಂದು ಆತ ಪಟ್ಟು ಹಿಡಿದ. ಕೇಳುವವರಿಗೆ ತಾನಾಗಿಯೇ ಅರ್ಥವಾಗುತ್ತದೆ ಎಂಬುದು ಮೆಕೈಯ ವಾದ. ಅಚ್ಚಾದ ಸಾಹಿತ್ಯದಲ್ಲಿ ಆ ಪದವನ್ನು ಆವರಣ ಚಿಹ್ನೆಯೊಳಗೆ ಹಾಕಿ ರಾಜಿ ಮಾಡಿಕೊಂಡರು. 1983ರಲ್ಲಿ ಅದೇ ಹಾಡನ್ನು ಮತ್ತೆ ಧ್ವನಿಮುದ್ರಿಸಿದಾಗ, ಇವು ಯಾರಿಗೂ ವಿಧಿಸಿದ ಕಟ್ಟಳೆಗಳಲ್ಲ, ಯಾರೂ ಹೀಗೇ ಬದುಕಬೇಕೆಂದು ತಾನು ಹೇಳುತ್ತಿಲ್ಲ ಎಂಬ ವಿವರಣೆಯನ್ನು ಮೆಕೈ ಹಾಡಿನ ನಡುವೆಯೇ ಮಾತಿನಲ್ಲಿ ಸೇರಿಸಬೇಕಾಯಿತು. ಕವಿ ತನ್ನ ಪದ್ಯದೊಳಗೇ ಟಿಪ್ಪಣಿ ಬರೆದಂತೆ! ಎಷ್ಟು ಜನ ಅದನ್ನು ಕೇಳಿಸಿಕೊಂಡರು ಎಂಬುದು ಬೇರೆ ಮಾತು.

ಏಕೆಂದರೆ ಅಷ್ಟು ಹೊತ್ತಿಗೆ ಹಾಡು ಊರು ಬಿಟ್ಟಾಗಿತ್ತು. ಬಾಸ್ಟನ್ನಿನ ಎಸ್.ಎಸ್.ಡಿ. ಮೊದಲಾದ ತಂಡಗಳು ಕೈಮೇಲೆ ಗುರುತು ಹಾಕಿಕೊಂಡು ಹೆಚ್ಚು ಆಕ್ರಮಣಶೀಲವಾದ ರೂಪ ಕೊಟ್ಟವು. 1980ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ಯೂತ್ ಆಫ್ ಟುಡೇ ತಂಡ ಇದಕ್ಕೆ ಸಸ್ಯಾಹಾರವನ್ನು ಸೇರಿಸಿತು. ಆ ತಂಡದ ಹಾಡುಗಾರ ರೇ ಕಾಪೋ ಅಲ್ಲಿಗೂ ನಿಲ್ಲಲಿಲ್ಲ. ನಮ್ಮ ಬೃಂದಾವನಕ್ಕೆ ಬಂದು, ಹರೇಕೃಷ್ಣ ಪಂಥ ಸೇರಿ, 1990ರ ದಶಕದಲ್ಲಿ ಶೆಲ್ಟರ್ ಎಂಬ ತಂಡ ಕಟ್ಟಿ ಕೃಷ್ಣಭಕ್ತಿಯ ಹಾರ್ಡ್‌ಕೋರ್ ಹಾಡಿದ. ಜನ ಅದಕ್ಕೆ ‘ಕೃಷ್ಣಕೋರ್’ ಎಂದೇ ಹೆಸರಿಟ್ಟರು. ಮಾದಕ ವಸ್ತು ಬೇಡ, ಮಾಂಸ ಬೇಡ ಎಂಬ ವೈಷ್ಣವ ವ್ರತಗಳಿಗೂ ವಾಷಿಂಗ್ಟನ್ನಿನ ಹುಡುಗನ ಹಾಡಿಗೂ ಎತ್ತಣಿಂದೆತ್ತ ಸಂಬಂಧ ಕೂಡಿಬಂತು ನೋಡಿ. ಇನ್ನೊಂದು ಕವಲು ಅಷ್ಟು ಸೌಮ್ಯವಾಗಿರಲಿಲ್ಲ. ಮದ್ಯ, ಮಾಂಸ ಮುಟ್ಟುವವರ ಮೇಲೆ ಯುದ್ಧವೇ ಸಾರಬೇಕೆನ್ನುವ ಉಗ್ರರು ಹುಟ್ಟಿಕೊಂಡರು. 1990ರ ದಶಕದ ಕೊನೆಯಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಹೊಡೆದಾಟಗಳು ಎಷ್ಟು ಹೆಚ್ಚಿದವೆಂದರೆ, ಸಿಗರೇಟು ಕೂಡ ಸೇದದ ಈ ಯುವಕರನ್ನು ಅಲ್ಲಿನ ಪೊಲೀಸರು ಪುಂಡರ ಗ್ಯಾಂಗುಗಳ ಪಟ್ಟಿಗೆ ಸೇರಿಸಿದರು. ನೇರ ಅಂಚಿನ ಮೇಲೆ ಯಾರೋ ಸೆಂಟಿಮೀಟರಿನ ಗುರುತುಗಳನ್ನು ಕೊರೆದಿದ್ದರು. ಅದರಿಂದ ಇನ್ನೊಬ್ಬರನ್ನು ಅಳೆಯತೊಡಗಿದ್ದರು. ತಾನು ಚಳವಳಿಯನ್ನು ಕಟ್ಟಲಿಲ್ಲ, ತನ್ನ ಹಕ್ಕನ್ನು ಕುರಿತು ಒಂದು ಹಾಡು ಬರೆದೆ ಅಷ್ಟೇ ಎಂದು ಮೆಕೈ ಅಂದಿನಿಂದ ಇಂದಿನವರೆಗೆ ಸಂದರ್ಶನಗಳಲ್ಲಿ ಹೇಳುತ್ತಲೇ ಇದ್ದಾರೆ.

ಎರಡನೆಯ ವಿವಾದ ಇದಕ್ಕಿಂತ ಸೂಕ್ಷ್ಮವಾದದ್ದು. ಆ ತಟ್ಟೆಯ ಇನ್ನೊಂದು ಹಾಡಿನ ಹೆಸರು ‘ಗಿಲ್ಟಿ ಆಫ್ ಬೀಯಿಂಗ್ ವೈಟ್’. ಬಿಳಿಯನಾಗಿ ಹುಟ್ಟಿದ್ದೇ ತಪ್ಪಾಯಿತೇ ಎಂಬ ಧಾಟಿ. ಹಿನ್ನೆಲೆ ತಿಳಿಯದೆ ಇದನ್ನು ಓದಬಾರದು. 1980ರ ಜನಗಣತಿಯಂತೆ ವಾಷಿಂಗ್ಟನ್ನಿನ ನಿವಾಸಿಗಳಲ್ಲಿ ನೂರಕ್ಕೆ ಸುಮಾರು 70 ಮಂದಿ ಕರಿಯರು. ಮೆಕೈ ಓದಿದ ಶಾಲೆಯಲ್ಲಿಯೂ ಅವರೇ ಬಹುಸಂಖ್ಯಾತರು. ತಾನು ಹುಟ್ಟುವುದಕ್ಕೆ ನೂರು ವರ್ಷ ಮೊದಲು ನಡೆದ ಗುಲಾಮಗಿರಿಗೆ ಶಾಲೆಯಲ್ಲಿ ತನ್ನನ್ನು ಹೊಣೆ ಮಾಡಿ ಹೊಡೆಯುತ್ತಿದ್ದರು, ಬಣ್ಣ ನೋಡಿ ವ್ಯಕ್ತಿಯನ್ನು ತೂಗುವುದು ಯಾವ ಕಡೆಯಿಂದ ಬಂದರೂ ತಪ್ಪು ಎಂದು ಹೇಳಲು ಹೊರಟೆ ಎಂಬುದು ಆತನ ವಿವರಣೆ. ಬರೆದವನ ಉದ್ದೇಶವನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ. ಬ್ಯಾಡ್ ಬ್ರೇನ್ಸ್‌ನವರೊಂದಿಗೆ ಒಂದೇ ವೇದಿಕೆ ಹಂಚಿಕೊಂಡು ಬೆಳೆದವನು ಆತ. ಆದರೆ ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಹಾಡು ನಿರ್ದೋಷಿಯಾಗುವುದಿಲ್ಲ. ಒಂದು ಶಾಲೆಯ ಅಂಗಳದಲ್ಲಿ ಅಲ್ಪಸಂಖ್ಯಾತನಾಗಿದ್ದ ಹುಡುಗ, ಆ ಅಂಗಳದ ಗೋಡೆಯಾಚೆಗಿನ ದೇಶದಲ್ಲಿ ಬಹುಸಂಖ್ಯಾತನೂ ಬಲಶಾಲಿಯೂ ಆದ ಸಮುದಾಯಕ್ಕೆ ಸೇರಿದವನು. ಹಾಡು ಅಂಗಳವನ್ನು ಮಾತ್ರ ನೋಡಿತು. ವಾಷಿಂಗ್ಟನ್ ಎಲ್ಲಿದೆಯೆಂದು ತಿಳಿಯದ ಊರುಗಳಿಗೆ ಆ ತಟ್ಟೆ ಹೋದಾಗ ಹಿನ್ನೆಲೆ ಕಳಚಿಬಿದ್ದು ಶೀರ್ಷಿಕೆ ಮಾತ್ರ ಉಳಿಯಿತು. ಬಿಳಿಯ ಜನಾಂಗದ ಶ್ರೇಷ್ಠತೆ ಸಾರುವವರು ಅದನ್ನು ತಮ್ಮ ಗೀತೆಯಾಗಿ ಹಾಡಿಕೊಂಡರು. 1996ರಲ್ಲಿ ಸ್ಲೇಯರ್ ಎಂಬ ಪ್ರಸಿದ್ಧ ಮೆಟಲ್ ತಂಡ ಅದನ್ನು ಮತ್ತೆ ಹಾಡಿ, ಕೊನೆಯಲ್ಲಿ ‘ಬಿಳಿಯ’ ಎಂಬುದರ ಜಾಗದಲ್ಲಿ ‘ಸರಿ’ ಎಂಬರ್ಥದ ಪ್ರಾಸಪದವನ್ನಿಟ್ಟಿತು. ಮೆಕೈಗೆ ಇದರಿಂದ ಬಹಳ ಬೇಸರವಾಯಿತು. ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಆತ ಓದಿದ ಶಾಲೆಗೆ ಹೆಸರಾಗಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕರಿಯ ನೌಕರರನ್ನು ಬೇರ್ಪಡಿಸುವ ಪದ್ಧತಿಗೆ ಎಡೆಕೊಟ್ಟವರು. ಆ ಕಾರಣದಿಂದಲೇ 2022ರಲ್ಲಿ ಶಾಲೆಯ ಹೆಸರನ್ನು ಜಾಕ್ಸನ್-ರೀಡ್ ಎಂದು ಬದಲಾಯಿಸಲಾಯಿತು.

ತಂಡದ ಉಳಿದ ಚರಿತ್ರೆಯನ್ನು ಬೇಗ ಹೇಳಿಬಿಡಬಹುದು. 1981ರಲ್ಲಿ ಪ್ರೆಸ್ಲರ್ ವಿಶ್ವವಿದ್ಯಾಲಯ ಸೇರಲು ಹೋದದ್ದರಿಂದ ತಂಡ ನಿಂತಿತು; 1982ರಲ್ಲಿ ಆತ ಮರಳಿದಾಗ ಮತ್ತೆ ಕೂಡಿತು. ದುಡ್ಡಿಗಾಗಿ ಮತ್ತೆ ಸೇರಿದರು ಎಂದು ಕೆಲವರು ಆಡಿಕೊಂಡದ್ದಕ್ಕೆ, ಹೌದು ಹೌದು, ಹಣ ಗೋರಲೆಂದೇ ಬಂದಿದ್ದೇವೆ ಎಂಬ ವ್ಯಂಗ್ಯದ ಹಾಡೊಂದನ್ನು ಮುಂದಿನ ತಟ್ಟೆಯಲ್ಲಿ ಹೆಸರು ಅಚ್ಚು ಮಾಡದೆ ಸೇರಿಸಿದರು. 1983ರ ಆ ತಟ್ಟೆಗೆ ‘ಔಟ್ ಆಫ್ ಸ್ಟೆಪ್’ ಎಂದೇ ಹೆಸರು. ಕವಚಕ್ಕೆ ಸಿಂಥಿಯಾ ಕೊನೊಲಿ ಬರೆದ ಚಿತ್ರದಲ್ಲಿ ಬಿಳಿಯ ಕುರಿಗಳ ಹಿಂಡನ್ನು ಬಿಟ್ಟು ಒಂದು ಕರಿಯ ಕುರಿ ಬೇರೆ ದಿಕ್ಕಿಗೆ ನೆಗೆಯುತ್ತಿದೆ. ಅಷ್ಟರಲ್ಲಿ ತಂಡದೊಳಗೂ ದಿಕ್ಕುಗಳು ಬೇರೆಯಾಗಿದ್ದವು. ಕೆಲವರಿಗೆ ದೊಡ್ಡ ಸಂಗೀತ, ದೊಡ್ಡ ವೇದಿಕೆಗಳ ಆಸೆ. ಮೆಕೈಗೆ ಅದು ಬೇಡ. 1983ರ ಸೆಪ್ಟೆಂಬರ್ 23ರಂದು ಅವರು ಕೊನೆಯ ಕಛೇರಿ ನೀಡಿದರು. ಅಂದಿನ ಮುಖ್ಯ ಕಲಾವಿದರು ಇವರಲ್ಲ, ಟ್ರಬಲ್ ಫಂಕ್. ವಾಷಿಂಗ್ಟನ್ನಿನ ಕರಿಯರ ಬಡಾವಣೆಗಳಲ್ಲೇ ಹುಟ್ಟಿದ ‘ಗೋ-ಗೋ’ ಎಂಬ ತಾಳಪ್ರಧಾನ ಸಂಗೀತದ ದೊಡ್ಡ ತಂಡ ಅದು. ಒಂದೇ ಊರಿನಲ್ಲಿದ್ದೂ ಒಬ್ಬರನ್ನೊಬ್ಬರು ಕೇಳದ ಎರಡು ಬಗೆಯ ಶ್ರೋತೃಗಳು ಆ ರಾತ್ರಿ ಒಂದು ಸೂರಿನಡಿ ನಿಂತರು. ‘ಗಿಲ್ಟಿ ಆಫ್ ಬೀಯಿಂಗ್ ವೈಟ್’ ಹಾಡನ್ನು ಕುರಿತು ವಾದಿಸುವವರು ಈ ಕಾರ್ಯಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಮೆಕೈ 1987ರಲ್ಲಿ ಫುಗಾಝಿ ಎಂಬ ತಂಡದೊಂದಿಗೆ ಮತ್ತೆ ಬೆಳಕಿಗೆ ಬಂದರು. ಟಿಕೆಟ್ಟಿನ ಬೆಲೆ ಸಾಮಾನ್ಯವಾಗಿ ಐದು ಡಾಲರು, ಎಲ್ಲ ವಯಸ್ಸಿನವರಿಗೂ ಪ್ರವೇಶ, ತಂಡದ ಹೆಸರಿನ ಅಂಗಿಗಳ ಮಾರಾಟವಿಲ್ಲ. ಕುಣಿತದ ಹೆಸರಿನಲ್ಲಿ ಅಕ್ಕಪಕ್ಕದವರಿಗೆ ಏಟು ಬೀಳುವಂತೆ ನುಗ್ಗುವವರನ್ನು ಕಂಡರೆ ಹಾಡು ನಿಲ್ಲಿಸಿ ಸಮಾಧಾನವಾಗಿ ಹೇಳುತ್ತಿದ್ದರು. ಕೇಳದಿದ್ದರೆ ಲಕೋಟೆಯಲ್ಲಿ ಅವರ ಐದು ಡಾಲರನ್ನು ವಾಪಸು ಕೊಟ್ಟು ಹೊರಗೆ ಕಳಿಸುತ್ತಿದ್ದರು. ಹಾರ್ಡ್‌ಕೋರಿನ ಹುಟ್ಟಿಗೆ ಕಾರಣರಾದವರಲ್ಲೊಬ್ಬರು ತಾವು ಹುಟ್ಟಿಸಿದ್ದನ್ನು ತಿದ್ದಲು ಹೊರಟ ಕ್ರಮ ಇದು. ಡಿಸ್ಕಾರ್ಡ್ ಸಂಸ್ಥೆ ಇಂದಿಗೂ ನಡೆಯುತ್ತಿದೆ, ಯಾವ ದೊಡ್ಡ ಕಂಪನಿಗೂ ಮಾರಾಟವಾಗಿಲ್ಲ.

ಆದರೂ ದೊಡ್ಡ ಕಂಪನಿಗಳ ಕಣ್ಣು ಬೀಳದೆ ಇರಲಿಲ್ಲ. 2005ರಲ್ಲಿ ನೈಕಿ ತನ್ನ ಸ್ಕೇಟ್‌ಬೋರ್ಡ್ ಪ್ರವಾಸವೊಂದಕ್ಕೆ ‘ಮೇಜರ್ ಥ್ರೆಟ್’ ಎಂದು ಹೆಸರಿಟ್ಟು ಭಿತ್ತಿಪತ್ರ ಹೊರಡಿಸಿತು. ಚಿತ್ರದಲ್ಲಿ ಅದೇ ಮೆಟ್ಟಿಲು, ಅದೇ ಭಂಗಿಯಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗ, ಜೊತೆಗೆ ನೈಕಿ ಷೂ. ಯಾರನ್ನೂ ಕೇಳಿರಲಿಲ್ಲ. ಡಿಸ್ಕಾರ್ಡ್ ಪ್ರತಿಭಟಿಸಿತು, ಅಭಿಮಾನಿಗಳ ಆಕ್ಷೇಪಣೆಗಳು ಹರಿದುಬಂದವು, ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿ ಭಿತ್ತಿಪತ್ರಗಳನ್ನು ಹಿಂತೆಗೆದುಕೊಂಡಿತು.

ಮೈನರ್ ಥ್ರೆಟ್ ತಂಡದ ಕೊನೆಯ ಧ್ವನಿಮುದ್ರಣ ನಡೆದದ್ದು 1983ರ ಡಿಸೆಂಬರಿನಲ್ಲಿ, ತಂಡ ಚದುರಿದ ಮೇಲೆ. ಮೂರು ಹಾಡುಗಳಿಗಾಗಿ ನಾಲ್ವರೂ ಮತ್ತೊಮ್ಮೆ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಸೇರಿದರು. ಅವುಗಳಲ್ಲಿ ಒಂದು ‘ಸ್ಯಾಲಡ್ ಡೇಸ್’. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಗುರುತಿಸಿರಬಹುದು. ಇದು ಷೇಕ್ಸ್‌ಪಿಯರನ ‘ಆಂಟನಿ ಮತ್ತು ಕ್ಲಿಯೋಪಾತ್ರ’ ನಾಟಕದಲ್ಲಿ ಕ್ಲಿಯೋಪಾತ್ರ ತನ್ನ ಎಳೆಯ ವಯಸ್ಸಿನ ದಿನಗಳಿಗೆ ಕೊಟ್ಟ ಹೆಸರು. ಹಿಂದಿನ ದಿನಗಳೇ ಚಿನ್ನದ ದಿನಗಳಾಗಿದ್ದವೆಂದು ಕೊರಗುವ ಗೆಳೆಯರನ್ನೂ, ಹಾಗೆ ಕೊರಗುವ ತನ್ನನ್ನೂ ಮೆಕೈ ಇದರಲ್ಲಿ ಕೆಣಕುತ್ತಾನೆ. ಹಾಡುವಾಗ ಆತನಿಗೆ 21 ವರ್ಷ. ಈ ತಂಡಕ್ಕೆ ಅಪರೂಪವಾದ ಘಂಟೆಯ ನಾದವೊಂದು ಆ ಹಾಡಿನಲ್ಲಿ ಕೇಳಿಸುತ್ತದೆ. ತಟ್ಟೆ ಅಂಗಡಿಗೆ ಬಂದದ್ದು 1985ರಲ್ಲಿ. ಆಮೇಲೆ ಮೈನರ್ ಥ್ರೆಟ್ ಹೆಸರಿನಲ್ಲಿ ಈ ನಾಲ್ವರು ಮತ್ತೆ ವೇದಿಕೆಯೇರಿಲ್ಲ.